ಇಪ್ಪತ್ತೊಂಬತ್ತರಲ್ಲಿ ನಿಂತ ಎಣಿಕೆ

ಒಂಬತ್ತನೆಯ ಕಂತು

"ಕಂಬದ ಹತ್ರ ಯಾರೂ ಹೋಗ್ಬೇಡಿ. ಮೋಡ ಗುಡ್ಡ ಇಳೀತಾ ಇದೆ. ಏನು ನೋಡೋದಿದ್ರೂ ಇಲ್ಲಿಂದಲೇ ನೋಡಿ," ಎಂದರು ಅಬಾ ಅರ್ಸಾನಾ.

ಎಪ್ಪತ್ತೊಂದು ವರ್ಷದ ಮುದುಕರು. ಅವರ ಮಾತಿಗೆ ಮಸೀದಿಯ ಜಗಲಿಯ ಮೇಲಿದ್ದ ನಾಲ್ಕೈದು ಜನ ಒಂದು ಹೆಜ್ಜೆ ಹಿಂದೆ ಸರಿದರು. ಇನ್‌ಸ್ಪೆಕ್ಟರ್ ಇಮಾಸ್ ಕೂಡ ಸರಿದಳು. ಪೊಲೀಸ್ ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾಗಿತ್ತು. ಇಷ್ಟು ಮೆತ್ತಗೆ ಹೇಳಿ ಇಷ್ಟು ಬೇಗ ಜನರನ್ನು ಸರಿಸುವವರನ್ನು ಅವಳು ನೋಡಿರಲಿಲ್ಲ.

ಜಗಲಿಯಿಂದ ಕಂಬಕ್ಕೆ ಹದಿನೈದು ಹೆಜ್ಜೆ. ಕಂಬದ ಮಗ್ಗುಲಲ್ಲಿ ಕರಕಲಾದ ನಾಲ್ಕು ಗೋಡೆ. ಹನ್ನೊಂದು ದಿನಗಳ ಹಿಂದಿನವರೆಗೂ ಅದು ಮಾಂಗ್ ಕೊಸಿಮ್‌ನ ತಾಹು ಕಾರ್ಖಾನೆ. ಸೋಯಾ ಹಾಲನ್ನು ಒಡೆದು, ಗಟ್ಟಿ ಕಟ್ಟಿ, ಬಿಳಿ ಇಟ್ಟಿಗೆಗಳಂತೆ ಕೊಯ್ದು ಚಿರಂದು ಊರಿಗೆಲ್ಲ ಕೊಡುತ್ತಿದ್ದ ಜಾಗ. ಅಂದು ಮಿಂಚು ಹೊಡೆದಾಗ ಕಂಬದ ಟ್ರಾನ್ಸ್‌ಫಾರ್ಮರ್ ಸಿಡಿದು, ಉರಿಯುವ ಎಣ್ಣೆ ಗರಿಯ ಸೂರಿನ ಮೇಲೆ ಸುರಿಯಿತು. ಕೆಲಸದ ಹೆಂಗಸರಿಬ್ಬರನ್ನು ಹೊರಗೆ ನೂಕಿದ ಕೊಸಿಮ್ ತಾನು ಮಾತ್ರ ಹೊರಗೆ ಬರಲಿಲ್ಲ.

ಆ ಕಂಬವನ್ನು ಕೊನೆಯದಾಗಿ ಪರೀಕ್ಷಿಸಿ ಸಹಿ ಹಾಕಿದ್ದವನು ಲೈನ್‌ಮನ್ ಅಚೆಂಗ್, ಅಬಾ ಅರ್ಸಾನಾರ ಶಿಷ್ಯ. ಅಂದು ಸಂಜೆ ಐದಕ್ಕೇ ಅವನನ್ನು ಲಾಕಪ್ಪಿಗೆ ಹಾಕಿದ್ದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಅವನ ಕಡತ ಸರ್ಕಾರಿ ವಕೀಲರ ಕೈ ಸೇರುತ್ತದೆ. ಅಸಡ್ಡೆಯಿಂದ ಒಬ್ಬನ ಸಾವಿಗೆ ಕಾರಣನಾದ ಎಂಬ ಆರೋಪ. ಆಮೇಲೆ ಇಮಾಸ್ ಏನು ಹೇಳಿದರೂ ಕೇಳುವವರಿಲ್ಲ.

"ಚಹಾ ತಗೋ ನೆಂಗ್," ಎಂದು ಮಗಳನ್ನು ಕರೆಯುವಂತೆ ಇಮಾಸ್‌ಳನ್ನು ಕರೆದು ಅಬಾ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಕೊಟ್ಟರು. ಅಂಗೈಗಳಿಗೆ ಬಿಳಿ ಬಟ್ಟೆ ಸುತ್ತಿತ್ತು.

"ಕೈಗೆ ಏನಾಯ್ತು ಅಬಾ?"

"ಕೊಸಿಮ್‌ನ ಏಳನೇ ದಿನದ ಪ್ರಾರ್ಥನೆಗೆ ತಾಹು ಕರೀತಿದ್ದೆ. ಎಣ್ಣೆ ಹಾರ್ತು."

ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ ಕೊಸಿಮ್‌ನ ಹೆಂಡತಿ ಚೆಯು ಓನಿ ಮುಖ ಎತ್ತಿದಳು. ಹನ್ನೊಂದು ದಿನದಲ್ಲಿ ಆ ಮುಖ ನಗುವುದನ್ನು ಮರೆತಿದ್ದರೂ ನಾಲಿಗೆ ಚುಚ್ಚುವುದನ್ನು ಮರೆತಿರಲಿಲ್ಲ. "ಅಬಾ ಕರೆದ್ರಾ? ಅಡಿಗೆ ಮನೇಲಿ ಒಲೆ ಯಾವ ಮೂಲೇಲಿದೆ ಅಂತ ಕೂಡ ಗೊತ್ತಿಲ್ಲ ಇವರಿಗೆ. ಇವರ ಮನೆಯ ಅಜ್ಜಿ ಇದ್ದಾಗ ಉಪ್ಪಿನ ಡಬ್ಬಿ ಕೇಳಿದ್ರೆ ಸಕ್ಕರೆ ತಂದು ಕೊಡ್ತಿದ್ರು."

ಜನ ನಕ್ಕರು. ಅಬಾ ಕೂಡ ನಕ್ಕರು. ಇಮಾಸ್ ಚಹಾ ಕುಡಿದಳು.

ಇದೇ ದಿನ ಬೆಳಿಗ್ಗೆ ಅವಳು ಅಬಾ ಅವರ ಮನೆಗೆ ಹೋಗಿ ಅವರನ್ನು ಕರೆದುಕೊಂಡು, ಕಣಿವೆಯ ಕೆಳಗಿನಿಂದ ಚಿರಂದುವಿನವರೆಗೆ ಲೈನಿನ ಉದ್ದಕ್ಕೂ ನಡೆದಿದ್ದಳು. ಅಬಾ ಅವರದು ಚಿಕ್ಕ ಮನೆ. ಹೆಂಚಿನ ನೆತ್ತಿಯಲ್ಲಿ ಒಂದು ಚೂಪು ಕಂಬಿ. ಗೋಡೆಯ ಸುಣ್ಣದ ಮೇಲೆ ಮೇಲಿನಿಂದ ಕೆಳಗಿನವರೆಗೆ ಬೆರಳಗಲ ಒಂದು ಬಿಳಿ ಗೆರೆ. ಏನೋ ಬಹಳ ಕಾಲ ಅಲ್ಲಿ ಅಂಟಿಕೊಂಡಿದ್ದು ಈಚೆಗೆ ಹೋದಂತಿತ್ತು. ಅವಳು ನೋಡಿದಳು, ಮರೆತಳು. ಅವಳ ತಲೆಯಲ್ಲಿ ಆಗ ಬೇರೊಂದು ಪ್ರಶ್ನೆಯಿತ್ತು.

"ಅಬಾ, ಮಿಂಚು ಬಿದ್ದಿದ್ದು ಗೋರಿಗಳ ಹಿಂದಿನ ಬೂರುಗದ ಮರಕ್ಕೆ. ಮರ ಸೀಳಿದ್ದನ್ನ ನಾನೇ ನೋಡಿದೆ. ಕಂಬಕ್ಕೂ ಮರಕ್ಕೂ ನೂರು ಹೆಜ್ಜೆ ಇದೆ. ಹಾಗಿದ್ರೆ ಟ್ರಾನ್ಸ್‌ಫಾರ್ಮರ್ ಸಿಡಿದಿದ್ದು ಹೇಗೆ?"

"ಮಿಂಚು ಬೀಳೋದು ಒಂದು ಕಡೆ, ನಡುಗೋದು ಇನ್ನೊಂದು ಕಡೆ. ಕೆರೆಯ ಆ ಬದಿ ಕಲ್ಲು ಬಿದ್ರೆ ಈ ಬದಿ ಎಲೆ ಕುಣಿಯಲ್ವಾ? ಹಾಗೇ. ಮರಕ್ಕೆ ಹೊಡೆದ್ರೂ ಪಕ್ಕದ ತಂತಿ ಬೆಚ್ಚಿ ಬೀಳ್ತದೆ. ಒಂದು ತಂತಿಯಲ್ಲ, ಮೂರೂ ಒಟ್ಟಿಗೆ. ಆ ಬೆಚ್ಚಿದ್ದು ಓಡ್ತಾ ಬಂದು ಟ್ರಾನ್ಸ್‌ಫಾರ್ಮರ್ ಹೊಕ್ಕರೆ ಅದರ ಹೊಟ್ಟೆ ಒಡೀತದೆ."

"ಅದನ್ನ ತಡೆಯೋಕೇ ಅರೆಸ್ಟರ್ ಇರೋದು."

"ತಡೆಯೋಕಲ್ಲ," ಎಂದು ಅಬಾ ನಿಂತುಬಿಟ್ಟರು. "ತಡೀತೀನಿ ಅಂದೋರನ್ನ ಮಿಂಚು ಬಿಡಲ್ಲ. ದಾರಿ ಮಾಡಿಕೊಡೋಕೆ. ಬಂದ್ಯಾ, ಬಾ, ಹೀಗೆ ನೆಲಕ್ಕೆ ಹೋಗು ಅಂತ. ಮೂರು ತಂತಿಗೆ ಮೂರು ಅರೆಸ್ಟರ್, ಮೂರಕ್ಕೂ ಸೇರಿ ನೆಲಕ್ಕೆ ಇಳಿಯೋ ತಂತಿ ಒಂದು. ಅಷ್ಟೇ ನಮ್ಮ ವಿದ್ಯೆ."

ಆಗಲೇ ಅವರು ಒಂದು ಕಂಬದ ಕಡೆ ಕೈ ಮಾಡಿ ತೋರಿಸಿದ್ದು. ನೆಲಕ್ಕೆ ಇಳಿಯುವ ತಾಮ್ರದ ತಂತಿಯನ್ನು ನಡುವೆ ಒಂದೆಡೆ ಸಿಂಬಿಯಂತೆ ದುಂಡಗೆ ಸುತ್ತಿ ಬಿಗಿದಿದ್ದರು. ಸುತ್ತು ಸುತ್ತಿಗೂ ಒಂದೇ ಅಳತೆ. ನೀರಿನ ಕೊಡ ಇಟ್ಟರೆ ಅಲುಗಾಡದು ಎನ್ನುವಷ್ಟು ಅಂದ.

"ಎಷ್ಟು ಚೊಕ್ಕ ಕೆಲಸ!" ಎಂದಿದ್ದಳು ಇಮಾಸ್.

"ಚೊಕ್ಕ ಹೌದು. ತಪ್ಪೂ ಹೌದು. ರುಸ್ಮಾಯಾನ ಆಳುಗಳು ಮಾಡಿದ್ದು. ಈ ಕಣಿವೆಯ ಗುತ್ತಿಗೆ ಅವನದಲ್ವಾ, ಮಿಕ್ಕ ತಂತಿ ಕತ್ತರಿಸೋಕೆ ಮನಸ್ಸು ಬರಲ್ಲ ಅವರಿಗೆ, ಸುತ್ತಿ ಇಡ್ತಾರೆ. ಮಿಂಚು ಅವಸರದ ಅತಿಥಿ ನೆಂಗ್. ಬಾಗಿಲಿಂದ ಹಿತ್ತಿಲಿಗೆ ನೇರ ದಾರಿ ಕೊಟ್ರೆ ಯಾರನ್ನೂ ಮುಟ್ಟದೆ ಹೋಗ್ತದೆ. ಹತ್ತು ಸುತ್ತು ಹಾಕಿ ಹೋಗಪ್ಪಾ ಅಂದ್ರೆ ಅಷ್ಟು ಹೊತ್ತು ಕಾಯೋ ವ್ಯವಧಾನ ಅದಕ್ಕೆಲ್ಲಿದೆ? ಗೋಡೆ ಒಡೆದು ಹೋಗ್ತದೆ."

ಮುಂದಿನ ಕಂಬದಲ್ಲೂ ಸಿಂಬಿ ಇತ್ತು. ಅದರ ಮುಂದಿನದರಲ್ಲೂ.

"ಅಚೆಂಗ್ ಕೂಡ ಮೊದಲನೇ ದಿನ ಹೀಗೇ ಸುತ್ತಿದ್ದ. ಬಿಚ್ಚಿಸಿದೆ. ಮತ್ತೆ ಸುತ್ತು ಅಂದೆ, ಮತ್ತೆ ಬಿಚ್ಚಿಸಿದೆ. ಕೈ ಬೊಬ್ಬೆ ಬಂದು ಅತ್ತ. ಆರನೇ ವರ್ಷ ನಾನು ಕೆಲಸ ಬಿಡೋ ದಿನ ನನ್ನ ಕತ್ತರಿ ಅವನಿಗೆ ಕೊಟ್ಟೆ. ಮಿಕ್ಕ ತಂತಿ ಸುತ್ತೋದಲ್ಲ ಮಗನೆ, ಕತ್ತರಿಸೋದು ಅಂತ. ಹಳೇ ಕತ್ತರಿ, ಹಿಡಿಗೆ ಕೆಂಪು ಬಟ್ಟೆ ಸುತ್ತಿದ್ದು, ಬಾಯಲ್ಲಿ ಒಂದು ಹಲ್ಲು ಮುಕ್ಕಾಗಿತ್ತು. ಆದ್ರೂ ಅವನು ಬೇರೆ ಕತ್ತರಿ ಮುಟ್ಟಲಿಲ್ಲ." ಅಬಾ ಆಕಾಶ ನೋಡಿ ಹೇಳಿದರು: "ರುಸ್ಮಾಯಾನನ್ನ ಇವತ್ತು ಇಳಿಹೊತ್ತು, ಅಸರ್ ನಮಾಜಿನ ಹೊತ್ತಿಗೆ ಕರೆಸು. ಬೆಂಕಿ ಬಿದ್ದ ದಿನದಿಂದ ಮೋಡ ಇರಲಿಲ್ಲ. ಇವತ್ತು ಬರ್ತದೆ."

ಯಾಕೆ ಎಂದು ಅವಳು ಕೇಳಿರಲಿಲ್ಲ. ಆದರೆ ಕರೆಸಿದ್ದಳು.

ಈಗ ರುಸ್ಮಾಯಾನ ಜೀಪು ಮಸೀದಿಯ ಮುಂದೆ ಬಂದು ನಿಂತಿತು. ಐವತ್ತರ ಆಸುಪಾಸಿನ, ಮೀಸೆಗೆ ಬಣ್ಣ ಹಾಕಿದ, ಬೂಟಿಗೆ ಧೂಳು ತಾಗದಂತೆ ಕಾಲೆತ್ತಿ ನಡೆಯುವ ಮನುಷ್ಯ. ಕೊಡೆ ಬಿಚ್ಚಿಕೊಂಡೇ ಜಗಲಿಗೆ ಬಂದ.

"ಮಳೆ ಇನ್ನೂ ಬಂದಿಲ್ಲ ಪಾ ರುಸ್ಮಾಯಾ," ಎಂದಳು ಚೆಯು ಓನಿ. "ಕೊಡೆ ಮಡಚಿ. ಮೀಸೆ ಬಣ್ಣ ಕರಗಿದ್ರೆ ಅಂತ ಭಯಾನಾ?"

"ಚೆಯು, ನಿಮ್ಮ ದುಃಖ ನನಗೆ ಅರ್ಥ ಆಗ್ತದೆ..."

"ಅರ್ಥ ಆಗೋದು ಬೇಡ. ಕೂತ್ಕೊಳ್ಳಿ."

ಅವನು ಕೂತ. ಇಮಾಸ್ ಅವನ ವರದಿಯನ್ನು ಚಾಪೆಯ ಮೇಲೆ ಬಿಡಿಸಿದಳು.

"ನಡುವಿನ ಅರೆಸ್ಟರಿನ ಬೋಲ್ಟು ಸಡಿಲ ಇತ್ತು, ಬೆರಳಲ್ಲೇ ತಿರುಗ್ತಿತ್ತು, ಅಚೆಂಗ್ ಬಿಗಿ ಮಾಡದೆ ಇಳಿದಿದ್ದಾನೆ ಅಂತ ಬರೆದಿದ್ದೀರಿ."

"ಇದ್ದದ್ದು ಬರೆದಿದ್ದೀನಿ ಬು ಇಮಾಸ್. ಮರುದಿನ ಬೆಳಿಗ್ಗೆ ಹೊಸ ಟ್ರಾನ್ಸ್‌ಫಾರ್ಮರ್ ಏರಿಸೋಕೆ ನಮ್ಮ ಆಳುಗಳು ಹತ್ತಿದಾಗ ನಿಮ್ಮ ಫೋಟೋದವನೂ ಇದ್ದ. ನೆಲಕ್ಕೆ ಇಳಿಯೋ ತಂತಿ ಸರಿಯಾಗಿದೆ, ಬೋಲ್ಟು ಮಾತ್ರ ಸಡಿಲ. ಟ್ರಾನ್ಸ್‌ಫಾರ್ಮರ್ ಬಿಟ್ಟು ಬೇರೆ ಏನನ್ನೂ ನಾವು ಮುಟ್ಟಿಲ್ಲ."

"ಸಿಡಿದ ಏಟಿಗೇ ಬೋಲ್ಟು ಸಡಿಲ ಆಗಿರಬಹುದಲ್ಲ?"

"ಆಗಿರಬಹುದು. ಆಗದೇ ಇರಬಹುದು."

"ಸರಿ, ಅಚೆಂಗೇ ಸಡಿಲ ಬಿಟ್ಟ ಅಂತಿಟ್ಟುಕೊಳ್ಳೋಣ. ಅದು ಒಂದು ತಂತಿ. ಮಿಂಚು ಪಕ್ಕದಲ್ಲಿ ಬಿದ್ದಾಗ ಮೂರು ತಂತಿಯೂ ಒಟ್ಟಿಗೆ ಬೆಚ್ಚುತ್ತವೆ. ಉಳಿದ ಎರಡು ಅರೆಸ್ಟರ್ ಏನು ಮಾಡ್ತಿದ್ವು? ಅವುಗಳ ಬೋಲ್ಟು ಬಿಗಿಯಾಗಿತ್ತು ಅಂತ ನೀವೇ ಬರೆದಿದ್ದೀರಿ."

ರುಸ್ಮಾಯಾ ಮೀಸೆ ತೀಡಿದ.

"ಟ್ರಾನ್ಸ್‌ಫಾರ್ಮರ್ ಬಿಚ್ಚಿ ನೋಡಿದೋರ ಕಾಗದ ನಿನ್ನೆ ಬಂತು," ಎಂದಳು ಇಮಾಸ್. "ಮೂರು ಸುರುಳಿಯೂ ಸುಟ್ಟಿವೆ. ಅಂದ್ರೆ ಮೂರು ಅರೆಸ್ಟರೂ ಆ ಹೊತ್ತು ಸುಮ್ಮನಿದ್ವು. ಮೂವರು ಸಾಕ್ಷಿ ಒಟ್ಟಿಗೆ ಬಾಯಿ ಮುಚ್ಚಿದ್ರೆ ನಾವು ಮೂವರನ್ನೂ ಬಯ್ಯಲ್ಲ ಪಾ. ಮೂವರನ್ನೂ ಬಲ್ಲ ಒಬ್ಬ ಯಾರು ಅಂತ ಹುಡುಕ್ತೀವಿ. ಮೂರಕ್ಕೂ ಸೇರಿದ್ದು ಒಂದೇ. ನೆಲಕ್ಕೆ ಇಳಿಯೋ ಆ ತಂತಿ."

"ತಂತಿ ಅಲ್ಲೇ ಇದೆ. ಕಣ್ಣಿಗೆ ಕಾಣ್ತಿದೆ."

"ಇವತ್ತು ಇದೆ. ಅವತ್ತು ಇತ್ತಾ?"

ದೂರದಲ್ಲಿ ಗುಡುಗು ಉರುಳಿತು. ಇಮಾಸ್ ಚೆಯು ಓನಿಯ ಕಡೆ ತಿರುಗಿದಳು. "ಚೆಯು, ಆ ಡಬ್ಬಿಯ ವಿಷಯ ಹೇಳಿ."

ಕಂಬದ ಮೇಲೆ ಒಂದೂವರೆ ಆಳೆತ್ತರದಲ್ಲಿ, ನೆಲಕ್ಕೆ ಇಳಿಯುವ ತಂತಿಯ ನಡುವೆ, ಅಂಗೈಯಷ್ಟು ಒಂದು ಡಬ್ಬಿ ಇತ್ತು. ಅದಕ್ಕೊಂದು ಗಾಜಿನ ಕಿಂಡಿ, ಕಿಂಡಿಯೊಳಗೆ ಅಂಕಿ. ಮಿಂಚಿನ ಪೆಟ್ಟೊಂದು ಅರೆಸ್ಟರಿನ ಮೂಲಕ ನೆಲಕ್ಕೆ ಇಳಿದಾಗಲೆಲ್ಲ ಅಂಕಿ ಒಂದು ಮುಂದೆ ಹೋಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಕೆಲಸ ಬಿಡುವ ಮುನ್ನ ಅಬಾ ಅರ್ಸಾನಾ ಹಾಕಿಸಿದ್ದು. ಆಫೀಸಿನವರಿಗೆ ಅದೊಂದು ಲೆಕ್ಕದ ಡಬ್ಬಿ. ಚಿರಂದುವಿನವರಿಗೆ ಹಾಗಲ್ಲ. ಒಂದು ಅಂಕಿ ಎಂದರೆ ಊರ ಮೇಲೆ ಬರಬೇಕಿದ್ದ ಒಂದು ಬೆಂಕಿ ಬಾರದೆ ಹೋಯಿತು ಎಂದು. ಗುಡುಗು ನಿಂತ ಮೇಲೆ ಯಾರಾದರೂ ಒಬ್ಬರು ಹೊರಗೆ ಬಂದು ನೋಡಿ ಅಂಕಿ ಕೂಗುತ್ತಿದ್ದರು. ಕೇಳಿದವರು ಕೈಲಿದ್ದ ಕೆಲಸ ಬಿಟ್ಟು "ಅಲ್‌ಹಮ್ದುಲಿಲ್ಲಾ" ಅನ್ನುತ್ತಿದ್ದರು. ಹತ್ತು ತುಂಬಿದ ದಿನ ಅರಿಸಿನದ ಅನ್ನವನ್ನು ಗೋಪುರದಂತೆ ಒಟ್ಟಿ, ಸುತ್ತ ತಾಹು, ಕೋಳಿ, ಸೊಪ್ಪು ಇಟ್ಟು ಇದೇ ಜಗಲಿಯ ಮೇಲೆ ಎಲ್ಲರೂ ಉಂಡಿದ್ದರು. ಇಪ್ಪತ್ತಕ್ಕೂ ಉಂಡಿದ್ದರು.

"ಕೂಗೋರು ನಮ್ಮೋರೇ, ನಮ್ಮ ಯಜಮಾನರು," ಎಂದಳು ಚೆಯು ಓನಿ. "ಗಂಟಲು ದೊಡ್ಡದಲ್ವಾ. ಒಲೆ ಮುಂದಿಂದ ಎದ್ದು ಓಡಿ ಹೋಗಿ ನೋಡಿ, ಇಪ್ಪತ್ತೆಂಟು! ಅಂತ ಕೂಗಿದ್ರೆ ಹಾಲು ಉಕ್ಕಿದ್ರೂ ಪರಿವೆ ಇಲ್ಲ. ಮೂವತ್ತಕ್ಕೆ ನಾನು ಅರಿಸಿನ ತಂದು ಒಣಗಿಸಿಟ್ಟಿದ್ದೆ. ಅವತ್ತು ಬೆಳಿಗ್ಗೆ ಇಪ್ಪತ್ತೊಂಬತ್ತು ಇತ್ತು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅವರನ್ನ ಹೊರಗೆ ತಂದು ಮಲಗಿಸಿದಾಗ ನಾನು ತಲೆ ಎತ್ತಿ ಡಬ್ಬಿ ನೋಡಿದೆ. ಯಾಕೆ ನೋಡಿದ್ನೋ ದೇವರೇ ಬಲ್ಲ. ಕೂಗೋರು ಇಲ್ಲ, ನಾನಾದ್ರೂ ನೋಡೋಣ ಅನ್ನಿಸ್ತೋ ಏನೋ. ಇಪ್ಪತ್ತೊಂಬತ್ತೇ ಇತ್ತು."

ಇಮಾಸ್ ರುಸ್ಮಾಯಾನನ್ನು ನೋಡಿದಳು. "ಟ್ರಾನ್ಸ್‌ಫಾರ್ಮರ್ ಒಡೆಯುವಷ್ಟು ದೊಡ್ಡ ಪೆಟ್ಟು. ತಂತಿ ಇದ್ದಿದ್ರೆ ಸ್ವಲ್ಪವಾದ್ರೂ ನೆಲಕ್ಕೆ ಇಳೀಬೇಕಿತ್ತು, ಅಂಕಿ ತಿರುಗಬೇಕಿತ್ತು. ತಿರುಗಲಿಲ್ಲ."

ಅವನು ಈಗ ನಕ್ಕ. ದಾರಿ ಸಿಕ್ಕಿತು ಎಂಬ ನಗು.

"ಬು ಇಮಾಸ್, ಇದನ್ನ ನೀವು ವಕೀಲರ ಮುಂದೆ ಹೇಳ್ತೀರಾ? ಆ ಡಬ್ಬಿ ನಾಲ್ಕು ವರ್ಷ ಮಳೆ ಕುಡಿದಿದೆ. ಒಳಗೆಲ್ಲ ತುಕ್ಕು. ಅದು ಸತ್ತು ಯಾವ ಕಾಲ ಆಯ್ತೋ! ಸತ್ತ ಡಬ್ಬೀನ ಸಾಕ್ಷಿಗೆ ಕರೀತೀರಲ್ಲ."

"ಸತ್ತಿದೆ ಅಂತೀರಾ?"

"ಸತ್ತಿದೆ."

"ಬರೆದು ಕೊಡಿ."

"ಬರೀತೀನಿ. ಅದಕ್ಕೇನು?" ಅವನು ಅವಳ ಪುಸ್ತಕ ಎಳೆದುಕೊಂಡು, ಎಣಿಕೆಯ ಡಬ್ಬಿ ಕೆಟ್ಟಿದೆ ಎಂದು ಬರೆದು ಸಹಿ ಹಾಕಿದ. ತಾರೀಕನ್ನೂ ಹಾಕಿದ. ಪೆನ್ನಿನ ಮುಚ್ಚಳ ಹಾಕುತ್ತ, "ತುಕ್ಕು ಹಿಡಿದದ್ದು ಮತ್ತೆ ತಿರುಗಿದ್ದನ್ನ ನಾನಂತೂ ನೋಡಿಲ್ಲ," ಎಂದ.

ಅಬಾ ಅರ್ಸಾನಾ ಕಂಬ ನೋಡುತ್ತಿರಲಿಲ್ಲ. ಎದುರಿನ ದಿಬ್ಬ ನೋಡುತ್ತಿದ್ದರು. ಅವರ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು.

ಗಾಳಿ ನಿಂತಿತು. ಬಿದಿರ ಮೆಳೆಯಲ್ಲಿ ಒಂದು ಎಲೆ ಕೂಡ ಅಲುಗದ ಆ ಗಳಿಗೆ ಚಿರಂದುವಿನ ಪ್ರತಿಯೊಬ್ಬರಿಗೂ ಗೊತ್ತು. ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಳ್ಳುವ ಗಳಿಗೆ. ಆಮೇಲೆ ದಿಬ್ಬದ ನೆತ್ತಿಯ ಮೇಲೆ ಆಕಾಶ ಬೆಳ್ಳಗೆ ಸೀಳಿತು. ಸದ್ದು ಜಗಲಿಯ ಹಲಗೆಗಳನ್ನು ನಡುಗಿಸಿತು.

ಮಿಂಚು ಬಿದ್ದಿದ್ದು ಹೊಲಗಳಾಚೆ, ದಿಬ್ಬದ ಮೇಲೆ. ಕಂಬಕ್ಕೆ ಏನೂ ತಾಗಲಿಲ್ಲ. ಆದರೆ ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು.

ಗಾಜಿನ ಕಿಂಡಿಯೊಳಗೆ ಒಂಬತ್ತು ಮೇಲೆ ಸರಿಯಿತು. ಎರಡು ಹೋಗಿ ಮೂರು ಬಂತು.

"ಮೂವತ್ತು!" ಎಂದು ಚೆಯು ಓನಿ ಕೂಗಿದಳು. ಗಂಡನ ಗಂಟಲಿನಿಂದಲೇ ಬಂದಂತಿತ್ತು ಆ ಕೂಗು.

"ಅಲ್‌ಹಮ್ದುಲಿಲ್ಲಾ," ಎಂದಿತು ಜಗಲಿ. ಅಕ್ಕಪಕ್ಕದ ಮನೆಗಳಿಂದಲೂ ಆ ಮಾತು ಕೇಳಿತು. ರುಸ್ಮಾಯಾ ಕೂಡ ಅಂದುಬಿಟ್ಟಿದ್ದ. ಅಂದ ಮೇಲೆ ಬಾಯಿ ಮುಚ್ಚಿಕೊಂಡ.

ಇಮಾಸ್‌ಗೆ ತನ್ನ ಕಡತ, ನಾಳೆಯ ಹತ್ತು ಗಂಟೆ ಎಲ್ಲವೂ ಒಂದು ಕ್ಷಣ ಮರೆತೇ ಹೋಯಿತು. ಒಂದು ಹಿಡಿ ತುಕ್ಕು ಡಬ್ಬಿ, ಮೂರು ಪಿಂಗಾಣಿ ಕೊಳವೆ, ಹೆಬ್ಬೆರಳು ದಪ್ಪದ ಒಂದು ತಂತಿ. ಇಷ್ಟರಿಂದ ಈ ಮುದುಕರು ಒಂದು ಊರಿನ ನೆತ್ತಿಯ ಮೇಲೆ ನಾಲ್ಕು ವರ್ಷ ಕೈ ಹಿಡಿದು ನಿಂತಿದ್ದರು. ಇಷ್ಟು ದಿನ ಅವಳು ಕರೆಂಟಿನ ಕಂಬಗಳ ಕೆಳಗೆ ತಲೆಯೆತ್ತದೆ ನಡೆದಿದ್ದಳಲ್ಲ!

ಮಳೆ ಸುರಿಯತೊಡಗಿತು. ಅವಳು ಧ್ವನಿ ಎತ್ತಬೇಕಾಯಿತು.

"ಡಬ್ಬಿ ಬದುಕಿದೆ ಪಾ ರುಸ್ಮಾಯಾ. ದಿಬ್ಬದ ಮೇಲಿನ ಮಿಂಚಿಗೆ ತಿರುಗಿದ್ದು ಅವತ್ತು ನೂರು ಹೆಜ್ಜೆ ದೂರದ ಮಿಂಚಿಗೆ ತಿರುಗಲಿಲ್ಲ. ಅಂದ್ರೆ ಅವತ್ತು ಆ ತಂತಿ ತುಂಡಾಗಿತ್ತು. ಈಗ ಇದೆ. ಬೆಂಕಿ ಆರಿದ ಮೇಲೆ ಯಾರೋ ಹತ್ತಿ ಹಾಕಿದ್ದಾರೆ. ಆ ಕಂಬ ಹತ್ತಿದೋರು ನಿಮ್ಮ ಆಳುಗಳು ಮಾತ್ರ."

ರುಸ್ಮಾಯಾ ಎದ್ದು ಜಗಲಿಯ ಅಂಚಿಗೆ ಹೋಗಿ, ಮಳೆಯ ನಡುವೆ ಕಣ್ಣು ಕಿರಿದು ಮಾಡಿ ಕಂಬವನ್ನು ಮೇಲಿನಿಂದ ಕೆಳಗೆ ನೋಡಿದ. ತಿರುಗಿದಾಗ ಅವನ ಮುಖದಲ್ಲಿ ಆ ಮೊದಲಿನ ಸೊಕ್ಕು ಇರಲಿಲ್ಲ. ಹೆದರಿಕೆಯೂ ಇರಲಿಲ್ಲ. ಅದು ಅವಳಿಗೆ ಇನ್ನೂ ಕೆಟ್ಟದಾಗಿ ತೋರಿತು.

"ಸಿಂಬಿ ಎಲ್ಲಿದೆ?" ಎಂದ.

"ಏನು?"

"ಸಿಂಬಿ. ನನ್ನ ಆಳುಗಳು ತಂತಿ ಕಟ್ಟಿದ್ರೆ ಮಿಕ್ಕದ್ದನ್ನ ಸಿಂಬಿ ಸುತ್ತದೆ ಇಳಿಯಲ್ಲ. ನಾನೇ ಹೇಳಿಕೊಟ್ಟಿದ್ದು. ನೋಡೋಕೆ ಚಂದ, ನಾಳೆ ತಂತಿ ಬೇಕಾದ್ರೆ ಅಲ್ಲೇ ಸಿಗ್ತದೆ. ಅಬಾ ಅದಕ್ಕೆ ನನ್ನನ್ನ ಬಯ್ಯದ ದಿನ ಇಲ್ಲ. ಕೆಳಗಿಂದ ಮೇಲಿನವರೆಗೂ ಕಣಿವೆ ನಡೆದು ಬಂದ್ರಂತೆ, ಒಂದಾದ್ರೂ ಕಂಬ ಸಿಂಬಿ ಇಲ್ಲದ್ದು ನೋಡಿದ್ರಾ? ಇದನ್ನ ನೋಡಿ."

ಇಮಾಸ್ ನೋಡಿದಳು. ಹನ್ನೊಂದು ದಿನಗಳಿಂದ ನೋಡುತ್ತಲೇ ಇದ್ದಳು. ಅರೆಸ್ಟರಿನ ಬುಡದಿಂದ ಡಬ್ಬಿಯವರೆಗೆ ತಂತಿ ಒಂದೇ ಎಳೆಯಾಗಿ ಇಳಿದಿತ್ತು. ಒಂದು ಸುತ್ತಿಲ್ಲ, ಒಂದು ಡೊಂಕಿಲ್ಲ. ಗಾಳಿಯಿಲ್ಲದ ಮಳೆಯ ಎಳೆಯಷ್ಟು ನೇರ.

"ಹಳೇ ತಂತಿ, ಹಸಿರು ಕಟ್ಟಿದೆ. ಅದಕ್ಕೇ ನಮಗೂ ಗೊತ್ತಾಗಲಿಲ್ಲ, ನಿಮಗೂ ಗೊತ್ತಾಗಲಿಲ್ಲ," ಎಂದ ರುಸ್ಮಾಯಾ. ಅವನ ದನಿ ತಗ್ಗಿತ್ತು. "ಹೀಗೆ ಎಳೆಯೋರು ಈ ಕಣಿವೆಯಲ್ಲಿ ಇಬ್ಬರೇ ಬು ಇಮಾಸ್. ಅದನ್ನ ನಾನು ಒಪ್ಕೋತೀನಿ, ನನ್ನ ಆಳುಗಳ ಕೈಲಿ ಆಗಲ್ಲ. ಒಬ್ಬ ಅವತ್ತು ಸಂಜೆ ಐದರಿಂದ ನಿಮ್ಮ ಲಾಕಪ್ಪಲ್ಲಿದ್ದ."

ಅವಳು ತಿರುಗಲು ಇಷ್ಟಪಡಲಿಲ್ಲ. ಆದರೂ ತಿರುಗಿದಳು. ಬಟ್ಟೆ ಸುತ್ತಿದ ಎರಡು ಅಂಗೈಗಳು. ಸುಣ್ಣದ ಗೋಡೆಯ ಮೇಲಿನ ಬಿಳಿ ಗೆರೆ.

"ಅಬಾ," ಎಂದಳು. "ಆ ತಂತಿ ನಿಮ್ಮ ಮನೇದು. ಸೂರಿನ ಕಂಬಿಯಿಂದ ನೆಲಕ್ಕೆ ಇಳೀತಿದ್ದದ್ದು."

"ಹೌದು ನೆಂಗ್." ಅಬಾ ಅರ್ಸಾನಾ ಕೂತಲ್ಲಿಂದ ಏಳಲಿಲ್ಲ. "ಬೇರೆ ಎಲ್ಲಿಂದ ತರಲಿ? ಬೆಳಿಗ್ಗೆ ಹೊಸ ಟ್ರಾನ್ಸ್‌ಫಾರ್ಮರ್ ಏರಿಸಿ ಕರೆಂಟು ಬಿಡ್ತಾರೆ ಅಂದ್ರು. ಕತ್ತರಿಸಿದ ತಂತಿಯ ಮೇಲೆ ಕರೆಂಟು ಬಿಟ್ಟು ಮಧ್ಯಾಹ್ನ ಮೋಡ ಬಂದ್ರೆ? ಆಸ್ಪತ್ರೆ, ಶಾಲೆ, ಈ ಮಸೀದಿ ಎಲ್ಲ ಇದೇ ಲೈನು. ಹೊತ್ತು ಮುಳುಗಿದ ಮೇಲಿನ ಮಗ್ರಿಬ್ ನಮಾಜು ಮುಗಿಸಿ, ಜನ ಎಲ್ಲ ಕೊಸಿಮ್‌ನ ಮಣ್ಣಿಗೆ ಹೋದಾಗ ಹತ್ತಿದೆ. ಕಬ್ಬಿಣ ಇನ್ನೂ ಕಾದಿತ್ತು."

"ಎಪ್ಪತ್ತೊಂದು ವರ್ಷಕ್ಕೆ!" ಎಂದಳು ಚೆಯು ಓನಿ. "ನಿಮ್ಮ ಮನೆ ಮೇಲೆ ಬಿದ್ದಿದ್ರೆ?"

"ಅಲ್ಲಿ ಇರೋದು ನಾನೊಬ್ಬನೇ ಅಲ್ವಾ ಅಮ್ಮ."

ಇಮಾಸ್ ಅವರ ಎದುರು ಮಂಡಿಯೂರಿ ಕೂತಳು. ಅವಳಿಗೆ ಅವರ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು, ಸಿಟ್ಟೂ ಬಂತು. "ಇದನ್ನ ಮೊದಲೇ ಹೇಳಿದ್ರೆ ಅಚೆಂಗ್ ಹನ್ನೊಂದು ದಿನ ಒಳಗೆ ಇರ್ತಿರಲಿಲ್ಲ! ತಂತಿ ಕಳ್ಳತನ ಆಗಿತ್ತು ಅಂತ ಒಂದು ಮಾತು..."

"ಕಳ್ಳತನ ಅಲ್ಲ." ಅಬಾ ಎದ್ದು ಗೋಡೆಯ ಗೂಡಿನಿಂದ ತಮ್ಮ ನಮಾಜಿನ ಚಾಪೆಯ ಸುರುಳಿ ತೆಗೆದು ಅವಳ ಮುಂದಿಟ್ಟರು. "ಕಳ್ಳ ಆಗಿದ್ರೆ ಪೂರ್ತಿ ಎಳ್ಕೊಂಡು ಹೋಗ್ತಿದ್ದ. ಮೇಲೆ, ಕೆಳಗಿನೋರಿಗೆ ಕಾಣದ ಕಡೆ, ಒಂದು ಗೇಣು ಮಾತ್ರ ಮಾಯ ಆಗಿತ್ತು. ಮಿಂಚಿಗೆ ದಾರಿ ಎಲ್ಲಿ ಮುಚ್ಚಬೇಕು ಅಂತ ಗೊತ್ತಿದ್ದೋರ ಕೆಲಸ. ಉಳಿದ ತಂತಿಯ ತುದಿ ಇಲ್ಲಿದೆ. ಹನ್ನೊಂದು ದಿನ ಇದರ ಮೇಲೇ ಹಣೆ ಊರಿದ್ದೀನಿ. ಬಾಯಿ ಬಿಡೋಕೆ ಆಗಲಿಲ್ಲ. ಮೋಡ ಬಂದು ಕೇಳಲಿ, ಆಗ ಹೇಳ್ತೀನಿ ಅಂದುಕೊಂಡೆ."

ಅವಳು ಚಾಪೆ ಬಿಡಿಸಿದಳು. ಮೊಳದುದ್ದದ ತಾಮ್ರ, ಹೊಗೆ ಹಿಡಿದು ಕಪ್ಪಾಗಿತ್ತು. ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದಳು. ನುಣ್ಣಗೆ ಕೊಯ್ದಿತ್ತು, ಒಂದು ಜಾಗ ಬಿಟ್ಟು. ಅಲ್ಲಿ ಅಡ್ಡಕ್ಕೆ ಕೂದಲಿನಷ್ಟು ತೆಳುವಾಗಿ ಒಂದು ಏಣು ಎದ್ದಿತ್ತು. ಕತ್ತರಿಯ ಬಾಯಲ್ಲಿ ಒಂದು ಹಲ್ಲು ಮುಕ್ಕಾಗಿದ್ದರೆ ಹಾಗೆ ಏಳುತ್ತದೆ.

ಅಬಾ ಅವಳನ್ನು ನೋಡುತ್ತಿರಲಿಲ್ಲ.

"ಮೂವತ್ತೆಂಟು ವರ್ಷ ನನ್ನ ಕೈಲಿದ್ದ ಕತ್ತರಿ ನೆಂಗ್. ಅದರ ಕಚ್ಚು ನನಗೆ ಗೊತ್ತಾಗಲ್ವಾ? ಅಚೆಂಗೇ ಕತ್ತರಿಸಿದ್ದಾನೆ ಅಂತ ನನ್ನ ಮನಸ್ಸು ಒಪ್ಪಲ್ಲ. ಕಣ್ಣು ಬೇರೆ ಹೇಳ್ತದೆ."

ಅಸಡ್ಡೆಯ ಆರೋಪ ಹೋಯಿತು ಎಂದು ಇಮಾಸ್ ಯೋಚಿಸಿದಳು. ಅದರ ಜಾಗಕ್ಕೆ ಬಂದದ್ದು ಕೊಲೆ. ಶಿಷ್ಯನನ್ನು ಬಿಡಿಸಲು ಬೇಕಾಗಿದ್ದ ಸಾಕ್ಷಿಯೇ ಅವನ ಕುತ್ತಿಗೆಗೆ ಬಂದಿತ್ತು. ಅವಳು ಚೀಲದಿಂದ ಪಟ್ಟಿ ಹೊರಗೆ ಎಳೆದಳು. ಅಚೆಂಗ್‌ನನ್ನು ಹಿಡಿದ ಸಂಜೆ ಅವನ ಸೊಂಟದ ಚೀಲದಲ್ಲಿದ್ದ ಸಾಮಾನುಗಳನ್ನು ಅವಳೇ ತನ್ನ ಕೈಯಾರೆ ಬರೆದಿದ್ದಳು. ಕೈಗವಸು, ಹಗ್ಗ, ಇಕ್ಕಳ, ಎರಡು ಸ್ಪ್ಯಾನರ್, ಟೇಪು, ಬಿಸ್ಕತ್ತಿನ ಪೊಟ್ಟಣ.

ಮತ್ತೊಮ್ಮೆ ಓದಿದಳು.

"ಕತ್ತರಿ ಇಲ್ಲ," ಎಂದಳು. "ಅಬಾ, ಅವನ ಹತ್ರ ಅವತ್ತು ಕತ್ತರಿ ಇರಲೇ ಇಲ್ಲ. ಅವನ ಮನೆ ಹುಡುಕಿದಾಗಲೂ ಸಿಗಲಿಲ್ಲ. ಆ ಕತ್ತರಿ ಎಲ್ಲಿ ಹೋಯ್ತು?"

ಹೊರಗೆ ಇನ್ನೊಂದು ಮಿಂಚು ಹೊಳೆಯಿತು. ಡಬ್ಬಿಯ ಅಂಕಿ ಯಾರೂ ನೋಡಲಿಲ್ಲ.

ಮೆಟ್ಟಿಲ ಮೇಲಿದ್ದ ಚೆಯು ಓನಿ ಮೆಲ್ಲಗೆ ಎದ್ದು ನಿಂತಳು.

"ಕೆಂಪು ಬಟ್ಟೆ ಸುತ್ತಿದ ಹಿಡಿನಾ?" ಎಂದಳು. "ಅದು ನಮ್ಮ ಮನೇಲಿದೆ ನೆಂಗ್. ಸೋಯಾ ಡ್ರಮ್ಮಿನ ಹಿಂದೆ, ಗೋಣಿ ಸುತ್ತಿ. ಬೆಂಕಿ ಬೀಳೋ ಹಿಂದಿನ ದಿನ ನಮ್ಮೋರೇ ತಂದಿಟ್ಟಿದ್ದು. ಯಾರು ಕೇಳಿದ್ರೂ ಇಲ್ಲ ಅನ್ನು ಅಂದಿದ್ರು."